ದಿನ ತುಂಬದೆ ಹುಟ್ಟಿದ ಮಗುವಿನ ಎಲುಬು

(ಸ್ವಸಹಾಯ ಸಂಘಗಳ ಮಾಸಿಕ ಸಭೆಯಲ್ಲಿ ನೀಡಿದ ಆರೋಗ್ಯ ಮಾಹಿತಿ)



ಏಳು ತಿಂಗಳಿಗೇ ಹುಟ್ಟಿದ ಒಂದು ಮಗು ಅಂದುಕೊಳ್ಳಿ. ತೂಕ ಒಂದೂಕಾಲು ಕಿಲೋ. ಒಂದೂವರೆ ತಿಂಗಳು ಆಸ್ಪತ್ರೆಯಲ್ಲಿಟ್ಟು, ಉಳಿಸಿಕೊಂಡು ಮನೆಗೆ ತಂದಿದ್ದಾರೆ. ಕೆಲವು ದಿನದ ಮೇಲೆ ಮಗು ಒಂದು ಕೈ ಆಡಿಸುತ್ತಿಲ್ಲ, ಮುಟ್ಟಿದರೆ ಚೀರುತ್ತದೆ. ಎಕ್ಸ್‌ರೇ ತೆಗೆದರೆ ಎಲುಬು ಮುರಿದಿದೆ! ಆಗ ಮನೆಯವರು ಏನನ್ನುತ್ತಾರೆ? "ನೀನೇ ಎಲ್ಲೋ ಬೀಳಿಸಿರಬೇಕು" ಅಂತ ತಾಯಿಯನ್ನೇ ಬೈಯುತ್ತಾರೆ. ಇಂಥ ಮಗುವಿನ ಎಲುಬು ಬೀಳದೆಯೂ ಮುರಿಯಬಹುದು ಅನ್ನೋದು ಅವರಿಗೆ ಗೊತ್ತಿಲ್ಲ.

ಯಾಕೆ ಹೀಗಾಗುತ್ತದೆ? ಎಲುಬು ಗಟ್ಟಿಯಾಗಲು ಕ್ಯಾಲ್ಸಿಯಂ ಮತ್ತು ರಂಜಕ (ಫಾಸ್ಫರಸ್) ಬೇಕು. ಮಗುವಿಗೆ ಇವು ಸುಮಾರು ಶೇ. 80ರಷ್ಟು ಸಿಗುವುದು ಬಸಿರಿನ ಕೊನೆಯ ಮೂರು ತಿಂಗಳಲ್ಲಿ. ನಮ್ಮ ಸಂಘದ ಉಳಿತಾಯ ಇದ್ದ ಹಾಗೆ. ಹಣ ಕಟ್ಟುವ ಮೊದಲೇ ಖಾತೆ ಮುಚ್ಚಿದರೆ ಏನು ಉಳಿದೀತು? ಒಂದೂವರೆ ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೆ ಅಪಾಯ ಹೆಚ್ಚು. ಬಹಳ ದಿನ ರಕ್ತನಾಳದ ಮೂಲಕವೇ ಆಹಾರ ಪಡೆದವರಿಗೆ ಇನ್ನೂ ಹೆಚ್ಚು.

ಪತ್ತೆ ಹೇಗೆ? ಮೊದಮೊದಲು ಹೊರಗೆ ಏನೂ ಕಾಣಿಸುವುದಿಲ್ಲ. ಎಕ್ಸ್‌ರೇಯಲ್ಲಿ ಗೊತ್ತಾಗುವಷ್ಟರಲ್ಲಿ ಎಲುಬಿನ ಸತ್ವ ಶೇ. 20ರಿಂದ 40ರಷ್ಟು ಹೋಗಿರುತ್ತದೆ. ಆದ್ದರಿಂದ ಮಗುವಿಗೆ ಮೂರು-ನಾಲ್ಕು ವಾರ ಆದಾಗ ರಕ್ತ ಪರೀಕ್ಷೆ ಮಾಡುತ್ತಾರೆ. ರಂಜಕ ಕಡಿಮೆಯಾಗಿ, 'ಆಲ್ಕಲೈನ್ ಫಾಸ್ಫಟೇಸ್' ಎಂಬ ಅಂಶ ತುಂಬಾ ಏರಿದ್ದರೆ ಎಲುಬು ಸೊರಗುತ್ತಿದೆ ಎಂದರ್ಥ. ಕ್ಯಾಲ್ಸಿಯಂ ಮಾತ್ರ ಸರಿಯಾಗಿಯೇ ಕಾಣಬಹುದು, ಯಾಕಂದ್ರೆ ದೇಹ ಅದನ್ನು ಎಲುಬಿನಿಂದಲೇ ತೆಗೆದು ರಕ್ತಕ್ಕೆ ಕೊಡುತ್ತಿರುತ್ತದೆ.

ಚಿಕಿತ್ಸೆ ಏನು? ತಾಯಿಯ ಹಾಲೇ ಶ್ರೇಷ್ಠ, ನಿಲ್ಲಿಸಬಾರದು. ಆದರೆ ಇಷ್ಟು ಚಿಕ್ಕ ಮಗುವಿಗೆ ಅದರಲ್ಲಿರುವ ಕ್ಯಾಲ್ಸಿಯಂ, ರಂಜಕ ಸಾಲದು. ಅದಕ್ಕೆ ವೈದ್ಯರು ಹಿಂಡಿದ ಹಾಲಿಗೆ ಒಂದು ಪುಡಿ ಬೆರೆಸಲು ಹೇಳುತ್ತಾರೆ, ಇಲ್ಲವೇ ಔಷಧಿ ಕೊಡುತ್ತಾರೆ. ಜೊತೆಗೆ ವಿಟಮಿನ್ ಡಿ ಹನಿ, ಸಾಮಾನ್ಯವಾಗಿ ದಿನಕ್ಕೆ 400 ಯೂನಿಟ್. ಒಂದು ಎಂ.ಎಲ್.ನಲ್ಲಿ 400 ಇರುವ ಬಾಟಲಿಯೂ ಇದೆ, 800 ಇರುವುದೂ ಇದೆ. ಬಾಟಲಿ ಬದಲಾದರೆ ಅಳತೆ ಕೇಳಿಕೊಳ್ಳಿ. ಸರಿಯಾಗಿ ಕೊಟ್ಟರೆ ಎಲುಬು ಗಟ್ಟಿಯಾಗುತ್ತದೆ.

ಮನೆಯಲ್ಲಿ ನೆನಪಿಡಬೇಕಾದದ್ದು:

• "ಮಗು ಮೈತುಂಬಿದೆ, ಇನ್ನು ಔಷಧಿ ಯಾಕೆ?" ಅಂತ ನಾವಾಗಿಯೇ ನಿಲ್ಲಿಸಬಾರದು. ವೈದ್ಯರು ಹೇಳಿದ ದಿನ ಪರೀಕ್ಷೆಗೆ ಹೋಗಲೇಬೇಕು.

• ನೀರು ಹಾಕುವ ಅಜ್ಜಿಗೆ ಮೊದಲೇ ಹೇಳಿ: ಕೈಕಾಲು ಎಳೆದು, ತಿರುಚಿ ನೀವಬಾರದು. ಬಟ್ಟೆ ಬದಲಿಸುವಾಗ ಕಾಲು ಹಿಡಿದು ಎತ್ತಬಾರದು, ಸೊಂಟದ ಕೆಳಗೆ ಕೈಯಿಟ್ಟು ಎತ್ತಬೇಕು.

• ರಾಗಿಯಲ್ಲಿ ಕ್ಯಾಲ್ಸಿಯಂ ಇದೆ ಎಂದು ಎಳೆಮಗುವಿಗೆ ರಾಗಿ ಸರಿ, ಹಸುವಿನ ಹಾಲು ಕೊಡಬೇಡಿ. ಬರೀ ಬಿಸಿಲು ಕಾಯಿಸಿದರೂ ಸಾಲದು.

• ಕೈಯೋ ಕಾಲೋ ಆಡಿಸದಿದ್ದರೆ, ಊದಿಕೊಂಡರೆ, ಎತ್ತಿಕೊಂಡಾಗ ಚೀರಿದರೆ ಉಳುಕು ತೆಗೆಸಲು ಹೋಗದೆ ನೇರ ಆಸ್ಪತ್ರೆಗೆ ಹೋಗಿ.

2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ವರ್ಷದೊಳಗಿನ ಕಾಯಿಲೆಯ ಮಗುವಿಗೆ ಪರೀಕ್ಷೆ, ಔಷಧಿ ಉಚಿತ. ಆಶಾ ಕಾರ್ಯಕರ್ತೆಯನ್ನು ಕೇಳಿ.

ಕೊನೆಯದಾಗಿ ಒಂದು ಮಾತು. ನಿಮ್ಮ ಸಂಘದಲ್ಲಿ ಇಂಥ ಬಾಣಂತಿ ಇದ್ದರೆ ಪರೀಕ್ಷೆಯ ತಾರೀಖನ್ನು ಸಂಘದ ಪುಸ್ತಕದಲ್ಲೂ ಬರೆದಿಡಿ. ಬಸ್ ಚಾರ್ಜಿಗೆ ಕಷ್ಟವಾದರೆ ಕೈಸಾಲ ಕೊಡಿ, ಒಬ್ಬರು ಜೊತೆಗೆ ಹೋಗಿ. ಅವಳನ್ನು ಯಾರಾದರೂ ಬೈದರೆ, "ತಪ್ಪು ಅವಳದ್ದಲ್ಲ" ಎಂದು ಹೇಳುವವರು ನಾವೇ ಆಗೋಣ.