ಉಪಚರಿಸಿದವರಿಗೂ ಉಪಚಾರ

2022ನೆಯ ಇಸವಿ ಜೂನ್ 3ರ ಬೆಳಗನ್ನು ಕಲಬುರಗಿಯ ಜನ ಮರೆತಿರಲಾರರು. ಗೋವೆಯಿಂದ ಹೈದರಾಬಾದಿಗೆ ಹೊರಟಿದ್ದ ಬಸ್ಸೊಂದು ಕಮಲಾಪುರದ ಹತ್ತಿರ ಸರಕಿನ ಗಾಡಿಗೆ ಡಿಕ್ಕಿ ಹೊಡೆದು, ಉರುಳಿ, ಹೊತ್ತಿಕೊಂಡಿತು. ಒಳಗೆ ಸಿಕ್ಕಿಬಿದ್ದ 7 ಮಂದಿ ಬೆಂಕಿಗೆ ಆಹುತಿಯಾದರು. ಅವರಲ್ಲಿ ಮಕ್ಕಳೂ ಇದ್ದರು. ಗಾಯಗೊಂಡವರನ್ನು ಕಲಬುರಗಿಗೆ ತಂದರು.

ಸತ್ತವರಿಗಾಗಿ ನಾವು ಮರುಗಿದೆವು, ಗಾಯಾಳುಗಳ ಕ್ಷೇಮ ವಿಚಾರಿಸಿದೆವು. ಆದರೆ ಇಂಥ ದಿನ ಸುಟ್ಟ ಮೈಗೆ ಪಟ್ಟಿ ಕಟ್ಟುವ ದಾದಿ, ಆಂಬ್ಯುಲೆನ್ಸಿನ ಚಾಲಕ, ಶವಾಗಾರದ ಆಳು, ಇವರು ಮನೆಗೆ ಮರಳಿದಾಗ ಕೇಳುವವರು ಯಾರು? “ಅದು ಅವರ ಕೆಲಸವೇ, ರೂಢಿಯಾಗಿರುತ್ತದೆ” ಎಂದುಬಿಡುತ್ತೇವೆ. ರೂಢಿ ಕೈಗೆ ಆಗುತ್ತದೆ; ಮನಸ್ಸಿಗೆ ಅಷ್ಟು ಸುಲಭವಾಗಿ ಆಗುವುದಿಲ್ಲ.

2020ರ ಮಾರ್ಚಿಯಲ್ಲಿ ಕಲಬುರಗಿಯ ವೃದ್ಧರೊಬ್ಬರ ಸಾವು ದೇಶದ ಮೊದಲ ಕೋವಿಡ್ ಸಾವೆಂದು ದಾಖಲಾಯಿತು. ಆ ಕಾಲದಲ್ಲಿ ರೋಗಿಗಳ ಸೇವೆ ಮಾಡಿದವರಿಗೆ ತಮ್ಮ ಮಕ್ಕಳನ್ನು ಮುಟ್ಟುವುದಕ್ಕೂ ಅಂಜಿಕೆಯಿತ್ತೆಂಬುದನ್ನು ನೆನೆಯಿರಿ.

ಇಂಥ ಆಘಾತದ ಬಳಿಕ ನಿದ್ದೆ ಹತ್ತದು, ಅನ್ನ ಸೇರದು. ಕಂಡದ್ದೇ ಕಣ್ಣ ಮುಂದೆ ಬರುತ್ತದೆ. “ಇನ್ನೊಂದು ಗಳಿಗೆ ಮೊದಲೇ ಕೈಯಿಟ್ಟಿದ್ದರೆ ಉಳಿಯುತ್ತಿದ್ದನೇನೋ” ಎಂಬ ಕೊರಗು ಕೊರೆಯುತ್ತದೆ. ಇದು ಹೇಡಿತನವಲ್ಲ. ಬಹುಮಂದಿಯಲ್ಲಿ ಇದು ಕೆಲವು ವಾರಗಳಲ್ಲಿ ತಾನಾಗಿ ತಗ್ಗುತ್ತದೆ, ಪಕ್ಕದಲ್ಲಿ ಆಸರೆಯಿದ್ದರೆ.

ಆ ಆಸರೆಗೇ ಮನಸ್ಸಿನ ಪ್ರಥಮ ಚಿಕಿತ್ಸೆಯೆಂದು ಹೆಸರು. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೊರತಂದ ಕೈಪಿಡಿ ಇದನ್ನು ಮೂರು ಮಾತಿನಲ್ಲಿ ಹೇಳುತ್ತದೆ: ನೋಡು, ಆಲಿಸು, ಜೋಡಿಸು. ಯಾರು ಕಂಗೆಟ್ಟಿದ್ದಾರೆ, ಯಾರಿಗೆ ನೀರು, ವಿಶ್ರಾಂತಿ ಬೇಕು ಎಂದು ನೋಡುವುದು. ಅವರು ಹೇಳಿದಷ್ಟನ್ನು ನಡುವೆ ಬಾಯಿ ಹಾಕದೆ ಆಲಿಸುವುದು. ಬೇಕಾದ ನೆರವಿನೊಂದಿಗೆ, ತಮ್ಮವರೊಂದಿಗೆ ಜೋಡಿಸುವುದು. ಆಸ್ಪತ್ರೆಯಲ್ಲಿ ಈ ಹೊಣೆ ಹಿರಿಯರದು: ದಣಿದವರನ್ನು ಸ್ವಲ್ಪ ಹೊತ್ತು ಬಿಡಿಸಿ ಕೂರಿಸಬೇಕು, ಒಂಟಿಯಾಗಿ ಮನೆಗೆ ಕಳಿಸಬಾರದು, ತಪ್ಪು ಹುಡುಕುವ ಮಾತನ್ನು ಆ ದಿನ ಎತ್ತಬಾರದು.

ಒಂದು ಎಚ್ಚರಿಕೆ. “ಏನಾಯಿತು, ಹೇಗೆ ಸತ್ತರು, ಎಲ್ಲ ಹೇಳು, ಭಾರ ಇಳಿಯುತ್ತದೆ” ಎಂದು ಕೆದಕುವುದು ಒಳ್ಳೆಯದಲ್ಲ. ಒತ್ತಾಯದಿಂದ ಹೇಳಿಸಿದರೆ ಗಾಯ ಮಾಯುವುದಿಲ್ಲ, ಕೆಲವೊಮ್ಮೆ ಮತ್ತೆ ಹಸಿಯಾಗುತ್ತದೆ.

ಹಾಗಾದರೆ ಮನೆಯವರು ಮಾಡಬೇಕಾದದ್ದೇನು? ಪಾಳಿ ಮುಗಿಸಿ ಬಂದ ಮಗಳಿಗೆ ನಮ್ಮ ಕಡೆಯ ತಾಯಿ ಹೇಳುವುದಿಷ್ಟೇ: “ಕೈಕಾಲು ತೊಳಕೊ ಯವ್ವಾ, ಎರಡು ತುತ್ತು ರೊಟ್ಟಿ ಉಣ್ಣು. ನಾ ಇಲ್ಲೇ ಕುಂತೀನಿ.” ಕೈಪಿಡಿಯ ಸಾರವೆಲ್ಲ ಆ ಮಾತಿನಲ್ಲಿದೆ.

ವಾರಗಳು ಕಳೆದರೂ ನಿದ್ದೆ ಬಾರದಿದ್ದರೆ, ಕುಡಿತ ಹೆಚ್ಚಿದರೆ ವೈದ್ಯರ ಬಳಿಗೆ ಕರೆದೊಯ್ಯಿರಿ. ಬದುಕು ಬೇಡವೆಂಬ ಮಾತು ಬಂದರಂತೂ ಒಂದು ದಿನವೂ ತಡಮಾಡಬೇಡಿ, ಅವರನ್ನು ಒಂಟಿಯಾಗಿ ಬಿಡಲೂಬೇಡಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ದೂರವಾಣಿ, ಸಂಖ್ಯೆ 14416, ಹಗಲಿರುಳೂ ಕನ್ನಡದಲ್ಲಿಯೇ ಮಾತನಾಡುತ್ತದೆ.

ನಮ್ಮ ನೋವಿಗೆ ಓಡಿಬರುವ ಕೈಗಳಿವು. ಅವು ನಡುಗಿದ ದಿನ ಹಿಡಿದುಕೊಳ್ಳುವುದು ನಮ್ಮ ಪಾಲಿನ ಕೆಲಸ.