ಗಂಡುಡುಗೆ, ಹೆಣ್ಣುಡುಗೆ



ಉಡುಗೆತೊಡುಗೆಯ ಮಾತು ಕನ್ನಡ ಪಂಡಿತನಿಗೇಕೆ ಎಂದು ನೀವು ಕೇಳಬಹುದು. ಕಾರಣ ಉಂಟು. ಹೋದ ವರ್ಷ ಸಿಂಧನೂರಿನಿಂದ ಲಿಂಗಸುಗೂರಿಗೆ ಹೊರಟವನು ನಡುವೆ ಮಸ್ಕಿಯಲ್ಲಿ ಇಳಿದು, ಪರಿಚಯದ ದರ್ಜಿಯೊಬ್ಬನ ಅಂಗಡಿಯಲ್ಲಿ ಕುಳಿತಿದ್ದೆ. ಹದಿನೇಳರ ಹುಡುಗನೊಬ್ಬ ಹೂವಿನ ಚಿತ್ರದ ತೆಳ್ಳನೆಯ ಬಟ್ಟೆ ತಂದು, ಮೊಣಕಾಲಿನವರೆಗೆ ನಿರಿಗೆ ಬೀಳುವ ಅಂಗಿ ಹೊಲಿಯಬೇಕೆಂದ.

“ಇದು ಹೆಣ್ಮಕ್ಕಳ ಅರಿವಿ ಅಲ್ಲೇನೋ ತಮ್ಮ?”

“ಈಗ ಗಂಡಸ್ರೂ ಹಾಕ್ತಾರ್ರೀ. ಫೋನಿನಾಗ ನೋಡೀನಿ.”

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಹುಡುಗ ಬಟ್ಟೆಯನ್ನು ಮಡಿಚಿಕೊಂಡು ಹೊರಟುಹೋದ.

ಅವನು ಹೇಳಿದ್ದು ಸುಳ್ಳಲ್ಲ. ಫ್ರಾನ್ಸಿನ ವಸ್ತ್ರವಿನ್ಯಾಸಕಾರ ಜ್ಯಾಂ ಪಾಲ್ ಗೋಟಿಯೆ 1985ರಷ್ಟು ಹಿಂದೆಯೇ ಗಂಡಸರಿಗೆ ಲಂಗದಂಥ ಉಡುಪನ್ನು ರೂಪಿಸಿದ್ದ. 2020ರಲ್ಲಿ ಇಂಗ್ಲೆಂಡಿನ ಗಾಯಕ ಹ್ಯಾರಿ ಸ್ಟೈಲ್ಸ್, ಹೆಂಗಸರ ನಿಲುವಂಗಿಯ ಮೇಲೆ ಕೋಟು ತೊಟ್ಟು ಅಮೆರಿಕದ ‘ವೋಗ್’ ಪತ್ರಿಕೆಯ ಮುಖಪುಟಕ್ಕೆ ಬಂದ. ಕೆಲವರು ಮೆಚ್ಚಿದರು, ಕೆಲವರು ಗಂಡಸುತನವೇ ಹೋಯಿತೆಂದು ಹಲುಬಿದರು. ಆದರೆ 1715ರಲ್ಲಿ ತೀರಿಕೊಂಡ ಫ್ರಾನ್ಸಿನ ದೊರೆ 14ನೆಯ ಲೂಯಿ, ಲೇಸು, ರೇಷ್ಮೆ, ಎತ್ತರದ ಹಿಮ್ಮಡಿಯ ಪಾದರಕ್ಷೆಗಳನ್ನು ಧರಿಸಿಯೇ ದರ್ಪದಿಂದ ಆಳಿದವನು.

ಅಷ್ಟು ದೂರದ ಮಾತೇಕೆ? ಬಾದಾಮಿಯ ಮೊದಲನೆಯ ಗುಹೆಯಲ್ಲಿ ಆರನೆಯ ಶತಮಾನದ ಶಿಲ್ಪಿ ಅರ್ಧನಾರೀಶ್ವರನನ್ನು ಕಡೆದಿದ್ದಾನೆ. ಮೈ ಒಂದೇ, ಬಲಗಡೆಯ ಅಲಂಕಾರ ಬೇರೆ, ಎಡಗಡೆಯದು ಬೇರೆ. ಮರಾಠಿ ರಂಗಭೂಮಿಯ ಬಾಲಗಂಧರ್ವರು (1888–1967) ಸ್ತ್ರೀಪಾತ್ರದಲ್ಲಿ ಸೀರೆ ಉಡುತ್ತಿದ್ದ ರೀತಿಯನ್ನು ಮನೆವಂತ ಹೆಂಗಸರೇ ಅನುಕರಿಸಿದರು. ನಮ್ಮ ಬಯಲಾಟದಲ್ಲಿ ಗಂಡಸು ಸೀರೆಯುಟ್ಟು ಬಂದರೆ ಊರಿಗೆ ಊರೇ ಬೆಳತನಕ ಕುಳಿತು ನೋಡುತ್ತಿತ್ತು.

ಆಟದಲ್ಲಿ ಸರಿ, ಬೀದಿಯಲ್ಲಿ ಹೇಗೆ ಎನ್ನುವಿರಾ? ಆ ರಾತ್ರಿ ನಮ್ಮ ಪಡಸಾಲೆಯಲ್ಲಿರುವ ಅಜ್ಜನ ಪಟವನ್ನು ನೋಡಿದೆ. ಕಿವಿಯಲ್ಲಿ ಒಂಟಿ, ತಲೆಯಲ್ಲಿ ಜುಟ್ಟು, ಮೈಮೇಲೆ ಜರಿಯಂಚಿನ ಧೋತರ. ಧೋತರಕ್ಕೂ ಸೀರೆಗೂ ಇರುವ ಅಂತರವೆಷ್ಟು? ಎರಡೂ ಸೂಜಿ ಕಾಣದ ಬಟ್ಟೆ; ಎರಡಕ್ಕೂ ನಿರಿಗೆಯುಂಟು, ಅಂಚುಂಟು, ಕಚ್ಚೆಯೂ ಉಂಟು. ಆ ಒಂಟಿಯನ್ನೂ ನಿರಿಗೆಯನ್ನೂ ಕಂಡು ಅಜ್ಜನನ್ನು ಹೆಣ್ಣಿಗನೆಂದವರಿಲ್ಲ. ಷರಟು ಪ್ಯಾಂಟು ನಮ್ಮ ಮನೆಗೆ ಬಂದದ್ದು ಅಪ್ಪನ ನೌಕರಿಯ ಜೊತೆಗೆ. ಒಂದು ತಲೆಮಾರಿನಲ್ಲಿಯೇ ಅದನ್ನು ಗಂಡಸಿನ ಹುಟ್ಟುಡುಗೆಯೆಂದು ನಂಬಿಬಿಟ್ಟೆವು.

ಹೊಸದೆಲ್ಲ ಚೆಲುವೆಂದು ನಾನು ವಾದಿಸುವುದಿಲ್ಲ. ಸಾಲ ಮಾಡಿ ಉಡುವ ಷೋಕಿಯನ್ನಂತೂ ಒಪ್ಪಲಾರೆ. ಆದರೆ ಬಟ್ಟೆಯ ಹೂವನ್ನು ನೋಡಿ ಹುಡುಗನ ಗುಣವನ್ನು ಅಳೆಯುವುದು ಯಾವ ನ್ಯಾಯ?

ಮರುವಾರ ದರ್ಜಿಯ ಬಳಿಗೆ ಹೋಗಿ, “ಆ ಹುಡುಗ ಬಂದರೆ ಹೊಲಿದುಕೊಡಪ್ಪ, ಕೂಲಿ ನಾನು ಕೊಡುತ್ತೇನೆ” ಎಂದೆ.

“ಅಂವ ಮತ್ತ ಬರ್ಲೇ ಇಲ್ರೀ ಸರ,” ಎಂದ.

ನಿಮ್ಮ ಮನೆಯ ಹುಡುಗನೂ ಒಂದು ದಿನ ಅಂಥ ಬಟ್ಟೆಯನ್ನು ತಂದಾನು. ನಗುವ ಮೊದಲು, ಗೋಡೆಯ ಮೇಲಿನ ಅಜ್ಜನ ಪಟವನ್ನು ಒಮ್ಮೆ ನೋಡಿರಿ.