ಸಣ್ಣ ಮಂದಿರದೊಳಗ ದೊಡ್ಡ ನಾಟಕ
(ಸಂಘದ ವಾರ್ಷಿಕೋತ್ಸವದ ಎರಡನೆಯ ದಿನ ಆಡಿದ ಮಾತಿನ ಬರಹರೂಪ)



ಬಾಗಿಲಲ್ಲೇ ನಿಂತುಕೊಂಡಿರುವ ನೆರೆಯವರೇ, ಒಳಗ ಬರ್ರಿ. ಜಾಗ ಐತಿ.

ನನಗೆ ಕೊಟ್ಟ ವಿಷಯ ‘ನಾಟಕ ಮತ್ತು ಯುವಜನ’. ಇಂಥ ವಿಷಯದ ಮೇಲೆ ಮಾತಾಡಿದರೆ ಕಾಲು ಗಂಟೆಯಲ್ಲಿ ನಿಮಗೂ ನಿದ್ದೆ, ನನಗೂ ನಿದ್ದೆ. ಅದಕ್ಕಿಂತ ನಿನ್ನೆ ಊಟದ ಹೊತ್ತಿಗೆ ನಿಮ್ಮ ಹುಡುಗರ ನಡುವೆ ನಡೆದ ಜಗಳವನ್ನೇ ವಿಷಯ ಮಾಡಿಕೊಳ್ಳುತ್ತೇನೆ. ಜಗಳ ಒಳ್ಳೆಯದಿತ್ತು.

ಸಂಘದವರು ಮಹಾಡದ ಸತ್ಯಾಗ್ರಹದ ಮೇಲೆ ಒಂದು ಸಂಗೀತ ನಾಟಕ ಬರೆದಿದ್ದಾರೆ. ಹದಿನೆಂಟು ಹಾಡು, ನಲವತ್ತು ಪಾತ್ರ. ಎಲ್ಲಿ ಆಡಬೇಕು ಅನ್ನುವುದೇ ಜಗಳ. ಒಂದು ಗುಂಪು ಸೊಲ್ಲಾಪುರದಲ್ಲಿ ದೊಡ್ಡ ಸಭಾಗೃಹ ಬಾಡಿಗೆ ಹಿಡಿಯೋಣ, ಹಿಂದೆ ಎಲ್‌ಇಡಿ ಪರದೆ ಹಾಕಿ ಕೆರೆ ತೋರಿಸೋಣ, ಹಾಡುಗಳನ್ನು ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿಸೋಣ ಅನ್ನುತ್ತದೆ. ಇನ್ನೊಂದು ಗುಂಪು ಇದೇ ಸಮಾಜ ಮಂದಿರ ಸಾಕು ಅನ್ನುತ್ತದೆ. ಆಗ ಒಬ್ಬ ತಂಗಿ ಹೇಳಿದ ಮಾತಿಗೆ ಎಲ್ಲರೂ ಸುಮ್ಮನಾದರು. “ನಮಗ ಹಿಂದಿನಿಂದಲೂ ಸಣ್ಣ ಜಾಗಾನ ಕೊಟ್ಕೋತ ಬಂದಾರ. ಈಗ ನಾವ ರೊಕ್ಕ ಕೂಡಿಸೀವಿ. ಬಾಬಾಸಾಹೇಬರ ನಾಟಕಾನೂ ಈ ಪತ್ರಾಸಿನ ಖೋಲಿಯೊಳಗ ಯಾಕ ಮಾಡಬೇಕು?”

ಈ ಪ್ರಶ್ನೆಯನ್ನು ಹಗುರವಾಗಿ ತಗೋಬ್ಯಾಡ್ರಿ. ‘ಸರಳತೆ ಚಂದ’ ಅಂತ ಹೇಳಿ ಆಕೆಯ ಬಾಯಿ ಮುಚ್ಚಿಸಲು ನಾನು ಬಂದಿಲ್ಲ. ಬಡವರಿಗೆ ಸರಳತೆಯ ಪಾಠ ಹೇಳುವವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದರೂ ನನ್ನ ಓಟು ಮಂದಿರಕ್ಕೇ. ಯಾಕೆ ಅನ್ನುವುದನ್ನು ಒಂದು ದೂರದ ನಾಟಕದಿಂದ ಹೇಳುತ್ತೇನೆ. ದೂರದ್ದಾದರೂ ಅದರ ಮಂದಿ ನಮಗೆ ಹೊರಗಿನವರಲ್ಲ.

ಅಮೆರಿಕದ ಜಾರ್ಜಿಯಾ ಸೀಮೆಯಲ್ಲಿ, ಬೇರೆಯವರ ಹೊಲವನ್ನು ಪಾಲಿಗೆ ಮಾಡುತ್ತಿದ್ದ ಕರಿಯರ ಮನೆಯಲ್ಲಿ, 1944ರಲ್ಲಿ ಹುಟ್ಟಿದವರು ಆಲಿಸ್ ವಾಕರ್. 1982ರಲ್ಲಿ ಅವರು ‘ದಿ ಕಲರ್ ಪರ್ಪಲ್’ ಎಂಬ ಕಾದಂಬರಿ ಬರೆದರು. ಮರುವರ್ಷ ಅದಕ್ಕೆ ಪುಲಿಟ್ಜರ್ ಬಂತು. ಸೀಲಿ ಎಂಬ ಹುಡುಗಿಯ ಕಥೆ ಅದು. ತಂದೆ ಅನ್ನಿಸಿಕೊಂಡವನೇ ಆಕೆಯನ್ನು ಕೆಡಿಸುತ್ತಾನೆ, ಹುಟ್ಟಿದ ಕೂಸುಗಳನ್ನು ಕಿತ್ತುಕೊಳ್ಳುತ್ತಾನೆ, ಆಮೇಲೆ ದನ ಮಾರಿದ ಹಾಗೆ ಒಬ್ಬನಿಗೆ ಕಟ್ಟುತ್ತಾನೆ. ಹೇಳಿಕೊಳ್ಳಲು ಯಾರೂ ಇಲ್ಲದೆ ಆಕೆ ದೇವರಿಗೆ ಕಾಗದ ಬರೆಯುತ್ತಾಳೆ. ಕೊನೆಗೆ ಪ್ಯಾಂಟು ಹೊಲಿದು ಮಾರಿ ತನ್ನ ಕಾಲ ಮೇಲೆ ನಿಲ್ಲುತ್ತಾಳೆ. ಅದರಲ್ಲೇ ಸೋಫಿಯಾ ಎಂಬವಳೂ ಇದ್ದಾಳೆ. ಊರ ಮೇಯರನ ಹೆಂಡತಿ ‘ನಮ್ಮ ಮನೆಗೆ ಕೆಲಸಕ್ಕೆ ಬಾ’ ಅಂದದ್ದಕ್ಕೆ ಒಲ್ಲೆ ಅಂದು, ಹೊಡೆತ ತಿಂದು ಜೈಲು ಕಾಣುತ್ತಾಳೆ. ಈ ಇಬ್ಬರ ಹೆಸರು ಬದಲಿಸಿದರೆ ನಮ್ಮ ಓಣಿಯಲ್ಲೇ ಸಿಗುತ್ತಾರೆ, ಹೌದೋ ಅಲ್ಲವೋ? 1972ರಲ್ಲಿ ಮುಂಬಯಿಯ ನಮ್ಮ ಹುಡುಗರು ದಲಿತ ಪ್ಯಾಂಥರ್ಸ್ ಅಂತ ಹೆಸರಿಟ್ಟುಕೊಂಡಾಗ ಅಲ್ಲಿಯ ಬ್ಲ್ಯಾಕ್ ಪ್ಯಾಂಥರ್ಸ್ ನೆನಪಾದದ್ದು ಸುಮ್ಮನೆ ಅಲ್ಲ.

ಈ ಕಥೆ 2005ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಸಂಗೀತ ನಾಟಕವಾಯಿತು. ಸಾವಿರದ ಏಳುನೂರಕ್ಕೂ ಹೆಚ್ಚು ಆಸನಗಳ ಥಿಯೇಟರು, ದೊಡ್ಡ ಸೀನರಿ, ದೊಡ್ಡ ವಾದ್ಯವೃಂದ. ಎರಡು ವರ್ಷದ ಮೇಲೆ ನಡೆಯಿತು, ಹೆಸರೂ ಮಾಡಿತು. ನಮ್ಮ ಕಂಪನಿ ನಾಟಕದ ಮಾಲೀಕರು ನೋಡಿದ್ದರೆ ಖುಷಿಪಡುತ್ತಿದ್ದರು.

2013ರಲ್ಲಿ ಅದೇ ನಾಟಕವನ್ನು ಜಾನ್ ಡಾಯ್ಲ್ ಎಂಬ ನಿರ್ದೇಶಕರು ಲಂಡನ್ನಿನ ಮೆನಿಯರ್ ಚಾಕೊಲೇಟ್ ಫ್ಯಾಕ್ಟರಿಯಲ್ಲಿ ಮಾಡಿಸಿದರು. ಹೆಸರೇ ಹೇಳುವ ಹಾಗೆ ಅದು ಹಿಂದೆ ಚಾಕೊಲೇಟ್ ಮಾಡುತ್ತಿದ್ದ ಕಾರ್ಖಾನೆ. ಇನ್ನೂರು ಆಸನವೂ ಇಲ್ಲ. ಡಾಯ್ಲ್ ನಾಟಕವನ್ನು ಮೊಟಕು ಮಾಡಿದರು, ವಾದ್ಯಗಳನ್ನು ಕಡಿಮೆ ಮಾಡಿದರು, ಸೀನರಿ ತೆಗೆದರು. ಉಳಿದದ್ದು ಮರದ ಹಲಗೆ, ಮರದ ಕುರ್ಚಿ, ಹಾಡುವ ಮಂದಿ. ನಾನು ಲಂಡನ್ ಕಂಡವನಲ್ಲ. ಓದಿ, ಹಾಡು ಕೇಳಿ, ತುಣುಕು ನೋಡಿ ತಿಳಿದುಕೊಂಡದ್ದು ಇಷ್ಟು. ಆದರೆ ನಾಟಕ ಮಾಡಿಸುವವನಿಗೆ ಅಷ್ಟು ಸಾಕು, ಅಲ್ಲಿ ಏನಾಗಿರಬೇಕು ಅಂತ ಗೊತ್ತಾಗುತ್ತದೆ. ಸೀಲಿ ತಲೆ ತಗ್ಗಿಸಿ ನಿಂತರೆ ದೊಡ್ಡ ಥಿಯೇಟರಿನ ಹಿಂದಿನ ಸಾಲಿಗೆ ಅದು ಒಂದು ಚುಕ್ಕೆ. ಇನ್ನೂರು ಜನರ ಕೋಣೆಯಲ್ಲಿ ಆಕೆ ಉಗುಳು ನುಂಗುವುದೂ ಕಾಣುತ್ತದೆ. ಅಂಥ ಕಡೆ ನೋಡುವವನು ಮುಖ ತಿರುಗಿಸಿದರೆ ಅವನು ತಿರುಗಿಸಿದ್ದೂ ಎಲ್ಲರಿಗೂ ಕಾಣುತ್ತದೆ.

ಇನ್ನು ನಮ್ಮ ತಂಗಿಯ ಪ್ರಶ್ನೆಗೆ ಬರುತ್ತೇನೆ. ಆ ಸಣ್ಣ ನಾಟಕ 2015ರಲ್ಲಿ ಬ್ರಾಡ್‌ವೇಗೇ ಹೋಯಿತು. ಹೋಗುವಾಗ ಬಂಗಾರ ಬಳಿದುಕೊಂಡು ಹೋಗಲಿಲ್ಲ. ಆ ಮರದ ಕುರ್ಚಿಗಳನ್ನೇ ತಗೊಂಡು ಹೋಯಿತು. 2016ರಲ್ಲಿ ಮರುಪ್ರಯೋಗಗಳಲ್ಲಿ ಉತ್ತಮ ಅಂತ ಅದಕ್ಕೆ ಟೋನಿ ಪ್ರಶಸ್ತಿ ಬಂತು, ಸೀಲಿಯಾದ ಸಿಂಥಿಯಾ ಎರಿವೊ ಅವರಿಗೆ ಉತ್ತಮ ನಟಿ ಅಂತ ಬಂತು. ಅಂದರೆ ಸಣ್ಣ ಜಾಗ ಅವರಿಗೆ ಸಿಕ್ಕ ಶಿಕ್ಷೆ ಆಗಿರಲಿಲ್ಲ. ನಾಟಕ ಗಟ್ಟಿಯಾದದ್ದೇ ಅಲ್ಲಿ. ನೀವೂ ಸೊಲ್ಲಾಪುರಕ್ಕೆ ಹೋಗಿರಿ, ಮುಂಬಯಿಗೆ ಹೋಗಿರಿ. ನಾನು ಬ್ಯಾಡ ಅನ್ನುವುದಿಲ್ಲ. ಆದರೆ ಇಲ್ಲಿಂದ ಹೋಗಿರಿ.

ಡಾಯ್ಲ್ ಅವರ ಇನ್ನೊಂದು ಪ್ರಯೋಗ ನಿಮಗೆ ಇನ್ನೂ ಉಪಯೋಗದ್ದು. ‘ಸ್ವೀನಿ ಟಾಡ್’ ಅಂತ ಒಂದು ಕ್ಷೌರಿಕನ ಸೇಡಿನ ಕಥೆ. ಸಂಗೀತ ಸ್ಟೀಫನ್ ಸಾಂಡ್‌ಹೈಮ್ ಅವರದು. 1979ರಲ್ಲಿ ಬ್ರಾಡ್‌ವೇಯಲ್ಲಿ ಅದು ಬಂದಾಗ ಹಳೆಯ ಕಬ್ಬಿಣದ ಕಾರ್ಖಾನೆಯ ಸಾಮಾನು ತಂದು ರಂಗದ ಮೇಲೆ ನಿಲ್ಲಿಸಿದ್ದರು. 2004ರಲ್ಲಿ ಡಾಯ್ಲ್ ಅದನ್ನು ಇಂಗ್ಲೆಂಡಿನ ಒಂದು ಹಳ್ಳಿಕಡೆ, ನೀರಿನ ಗಿರಣಿಯನ್ನು ಮಾರ್ಪಡಿಸಿದ ಪುಟ್ಟ ಥಿಯೇಟರಿನಲ್ಲಿ ಮಾಡಿಸಿದರು. ವಾದ್ಯದವರನ್ನು ಕೂರಿಸಲು ಜಾಗ ಎಲ್ಲಿ? ಅದಕ್ಕೆ ನಟರ ಕೈಗೇ ವಾದ್ಯ ಕೊಟ್ಟರು. ಮುಂದೆ ಅದು ಬ್ರಾಡ್‌ವೇಗೆ ಹೋದಾಗಲೂ ಹತ್ತೇ ನಟರು, ಇಡೀ ಸಂಗೀತ ಅವರೇ ನುಡಿಸಿದರು. ಪಾತ್ರ ಮಾತಾಡದಿದ್ದಾಗ ಆ ನಟ ಮರೆಗೆ ಹೋಗುವುದಿಲ್ಲ, ನುಡಿಸುತ್ತ ಅಲ್ಲೇ ಇರುತ್ತಾನೆ, ನೋಡುತ್ತಿರುತ್ತಾನೆ.

ಇದನ್ನು ಕೇಳಿದಾಗ ನನಗೆ ಜಲಸಾ ನೆನಪಾಯಿತು. ಇಲ್ಲಿ ಕೂತ ಹಿರಿಯರಿಗೆ ಗೊತ್ತು. ತಮಾಷಾದ ಚೌಕಟ್ಟನ್ನೇ ಹಿಡಿದು, ಒಳಗಿನ ವಸ್ತು ಬದಲಿಸಿ, ಮೊದಲು ಸತ್ಯಶೋಧಕರು, ಆಮೇಲೆ ಅಂಬೇಡ್ಕರಿ ಜಲಸಾದವರು ಊರೂರು ತಿರುಗಿದರು. ಭೀಮರಾವ್ ಕರ್ಡಕರಂಥವರ ಮೇಳಗಳಿಗೆ ಥಿಯೇಟರು ಎಲ್ಲಿತ್ತು? ಡೋಲಕಿ, ತಾಳ, ತುಂತುಣಿ ಹಿಡಿದು ನಿಂತವರೇ ಪಾತ್ರ, ಅವರೇ ಹಿಮ್ಮೇಳ. ಡಾಯ್ಲ್ ಅವರದು ಹೊಸ ಶೋಧ ಅಂತ ಪತ್ರಿಕೆಯವರು ಬರೆದುಕೊಳ್ಳಲಿ. ನಾವು ಮರೆತ ನಮ್ಮ ವಿದ್ಯೆ ಅದು ಅಂತ ನಾನು ಹೇಳ್ತೀನಿ.

ಈಗ ಕೆಲಸದ ಮಾತು.

ಮೊದಲು ಈ ಮಂದಿರದ ದನಿ. ಚಪ್ಪಾಳೆ ಹೊಡೆದು ನೋಡ್ರಿ. ಕೇಳಿಸ್ತಲ್ಲ, ಗೋಡೆಯಿಂದ ಮರಳಿ ಬರುತ್ತದೆ. ಬರೀ ಗಚ್ಚಿನ ಗೋಡೆ, ಮೇಲೆ ಪತ್ರಾಸು. ಇಲ್ಲಿ ಮೈಕು ಹಚ್ಚಿದರೆ ಹಾಡಿನ ಒಂದು ಅಕ್ಷರವೂ ತಿಳಿಯುವುದಿಲ್ಲ. ಮೈಕು ಬೇಡವೇ ಬೇಡ. ಗೋಡೆಗೆ ಹಗ್ಗ ಕಟ್ಟಿ ದಪ್ಪನೆಯ ಚಾದರ ಇಳಿಬಿಡ್ರಿ. ಸೊಲ್ಲಾಪುರದ ಚಾದರ ಇಲ್ಲದ ಮನೆ ಈ ಭಾಗದಲ್ಲಿ ಯಾವುದೈತಿ? ಕೌದಿ ಇದ್ದರೆ ಇನ್ನೂ ಒಳ್ಳೆಯದು. ಗೋಡೆಗೆ ಅಂಟಿಸದೆ ನಾಲ್ಕು ಬೆರಳು ಸಂದು ಬಿಟ್ಟು ಕಟ್ಟಿದರೆ ದನಿ ಹೆಚ್ಚು ಹೀರುತ್ತದೆ. ಮುಂದೆ ಜಮಖಾನೆಯ ಮೇಲೆ ಎರಡು ಸಾಲು, ಹಿಂದೆ ಬೆಂಚು, ಕೊನೆಗೆ ಕುರ್ಚಿ. ಮೂರು ಕಡೆ ಮಂದಿ, ನಡುವೆ ಆಟ. ಎತ್ತರದ ವೇದಿಕೆ ಬೇಡ. ಯಾರಿಗೂ ಮುಂದಿನ ಸಾಲಿನಲ್ಲಿ ಸೋಫಾ ಹಾಕಬ್ಯಾಡ್ರಿ, ಬಂದವರು ಯಾರೇ ಆಗಿರಲಿ.

ಹಲಗಿಯ ಸಂಗತಿ ಕಠಿಣ. ಇಷ್ಟು ಸಣ್ಣ ಜಾಗದಲ್ಲಿ ಕಾಸಿದ ಹಲಗಿ ಬಿಚ್ಚಿ ಬಾರಿಸಿದರೆ ಹಾಡು ಮುಳುಗುತ್ತದೆ. ಹಲಗಿಯವರನ್ನು ಬಾಗಿಲ ಹೊರಗೆ ನಿಲ್ಲಿಸಿದರೆ ಸರಿಹೋಗುತ್ತದೆ ಅಂತ ನಿನ್ನೆ ಯಾರೋ ಅಂದರು. ದನಿಯ ಲೆಕ್ಕಕ್ಕೆ ಅದು ಸರಿ. ಆದರೆ ಬ್ಯಾಡ. ಊರ ಜಾತ್ರೆಯಲ್ಲಿ, ಮದುವೆಯಲ್ಲಿ, ಸಾವಿನಲ್ಲಿ ನಮ್ಮ ಹಿರಿಯರು ಹಲಗಿ ಹಿಡಿದು ಹೊರಗೇ ನಿಂತದ್ದು ಸಾಲದೇನು? ಒಳಗೇ ನಿಲ್ಲಿಸ್ರಿ. ಹಿಂದೆ ಬಟ್ಟೆ ಒತ್ತಿ, ಕೋಲು ಬಿಟ್ಟು ಬೆರಳಲ್ಲಿ ನುಡಿಸಲಿ. ಅವರಿಗೂ ಒಂದು ಪಾತ್ರ ಕೊಡ್ರಿ, ಮಹಾಡಕ್ಕೆ ನಡೆದು ಬಂದವರಲ್ಲಿ ಒಬ್ಬರಾಗಲಿ. ನಾಟಕದಲ್ಲಿ ಒಂದೇ ಒಂದು ಸಲ ಬಟ್ಟೆ ತೆಗೆದು ಪೂರ್ತಿ ಬಾರಿಸಲಿ. ಆಗ ಈ ಪತ್ರಾಸು ನಡುಗಬೇಕು.

ನಲವತ್ತು ಪಾತ್ರಕ್ಕೆ ಹನ್ನೆರಡು ಮಂದಿ ಸಾಕು. ಹೆಗಲ ಮೇಲಿನ ಒಂದು ವಸ್ತ್ರ ರುಮಾಲಾದರೆ ಒಬ್ಬ, ಸೆರಗಾದರೆ ಇನ್ನೊಬ್ಬಳು. ಹದಿನೆಂಟು ಹಾಡಿನಲ್ಲಿ ಏಳೆಂಟು ಬಿಡಬೇಕಾಗುತ್ತದೆ. ಬರೆದ ತಮ್ಮನಿಗೆ ಸಂಕಟ ಆಗ್ತದ, ಗೊತ್ತು. 1923ರ ಬೋಲೆ ಠರಾವು, ಪುರಸಭೆಯ ತೀರ್ಮಾನ, 1937ರ ಹೈಕೋರ್ಟಿನ ತೀರ್ಪು, ಇವಕ್ಕೆಲ್ಲ ನೀವು ಬೇರೆ ಬೇರೆ ದೃಶ್ಯ ಹಾಕಿದ್ದೀರಿ. ಜಲಸಾದ ಶಾಹೀರ ಇದನ್ನೆಲ್ಲ ಒಂದು ಹಾಡಿನಲ್ಲಿ ಹೇಳಿ ಮುಗಿಸುತ್ತಿದ್ದ. ಮೇಜು, ಕುರ್ಚಿ, ಕರಿಕೋಟು ತರಲು ಹೋಗಬ್ಯಾಡ್ರಿ.

ಉಳಿಸಿಕೊಳ್ಳಬೇಕಾದದ್ದು 1927ರ ಮಾರ್ಚ್ 20. ಸಾವಿರಾರು ಮಂದಿ ಚವದಾರ ಕೆರೆಗೆ ನಡೆದು ನೀರು ಕುಡಿದ ದಿನ. ದೊಡ್ಡ ಗುಂಪಿನವರ ವಾದ ಇಲ್ಲೇ ಇತ್ತು. ಸಾವಿರಾರು ಮಂದಿಯನ್ನು ಈ ಖೋಲಿಯಲ್ಲಿ ಹೇಗೆ ತೋರಿಸ್ತೀರಿ, ಪರದೆ ಮೇಲಾದರೆ ತೋರಿಸಬಹುದು ಅಂತ. ನಾನು ಮಾಡಿಸಿದರೆ ಹೀಗೆ ಮಾಡಿಸುತ್ತೇನೆ. ನಡುವೆ ಒಂದು ಹಿತ್ತಾಳೆ ಪರಾತ, ತುಂಬ ನೀರು. ಹನ್ನೆರಡು ಮಂದಿ ಆ ಬಾಗಿಲಿನಿಂದ, ಕೂತವರ ನಡುವೆಯೇ, ಬರಿಗಾಲಲ್ಲಿ ಬರಲಿ. ಹಾಡು ಕಾಲ ಹೆಜ್ಜೆಗೆ ಶುರುವಾಗಲಿ. ಪರಾತದ ಹತ್ತಿರ ಬಂದಾಗ ಹಾಡು ನಿಲ್ಲಲಿ, ಪೇಟಿ ನಿಲ್ಲಲಿ, ಎಲ್ಲ ನಿಲ್ಲಲಿ. ಮೊದಲನೆಯವರು ಬೊಗಸೆ ಅದ್ದಿ ಕುಡಿಯಲಿ. ನೀರು ಮತ್ತೆ ಪರಾತಕ್ಕೆ ತೊಟ್ಟಿಕ್ಕುವ ಸದ್ದು ಕೊನೆಯ ಕುರ್ಚಿಯವನಿಗೂ ಕೇಳಲಿ. ಹನ್ನೆರಡು ಮಂದಿ, ಒಬ್ಬೊಬ್ಬರಾಗಿ. ಅವಸರ ಬೇಡ. ಹನ್ನೆರಡನೆಯವರು ಕುಡಿದ ಮೇಲೆ ಹಲಗಿಯ ಬಟ್ಟೆ ತೆಗೀರಿ.

ಆಮೇಲೆ ಏನಾಯಿತು ಗೊತ್ತಲ್ಲ. ಗುಡಿಗೂ ನುಗ್ಗುತ್ತಾರಂತೆ ಅಂತ ಸುದ್ದಿ ಹಬ್ಬಿಸಿ ನಮ್ಮವರನ್ನು ಹೊಡೆದರು. ಸೆಗಣಿ, ಗಂಜಲ ಬೆರೆಸಿದ ಗಡಿಗೆ ಸುರಿದು ಕೆರೆಯನ್ನು ‘ಶುದ್ಧ’ ಮಾಡಿದರು. ಇದನ್ನು ಅಭಿನಯಿಸುವುದೇ ಬೇಡ. ಈಗಷ್ಟೇ ಕುಡಿದ ಪರಾತದ ಮೇಲೆ ಯಾರಾದರೂ ಒಂದು ಖಾಲಿ ಗಡಿಗೆ ಬಗ್ಗಿಸಿ ಹಿಡಿದು ನಿಲ್ಲಲಿ. ಮೂರಡಿ ದೂರದಲ್ಲಿ ಕೂತ ನಮ್ಮ ಅಜ್ಜಿಗೆ ಅದರೊಳಗೆ ಏನಿತ್ತು ಅಂತ ಯಾರೂ ಹೇಳಬೇಕಾಗಿಲ್ಲ.

ಸಣ್ಣ ಜಾಗಕ್ಕೆ ಒಂದು ನಿಜವಾದ ದೋಷ ಐತಿ, ಅದನ್ನೂ ಹೇಳಿಬಿಡುತ್ತೇನೆ. ಆಸನ ಕಡಿಮೆ ಇದ್ದಲ್ಲಿ ರೊಕ್ಕ ಇದ್ದವರು, ಗುರುತು ಇದ್ದವರು ಮೊದಲು ಒಳಗೆ ಹೋಗುತ್ತಾರೆ. ಲಂಡನ್ನಿನಲ್ಲಾದರೂ ಅಷ್ಟೇ. ಇಲ್ಲಿ ಹಿಡಿಸುವುದು ಎಂಬತ್ತು ಮಂದಿ. ಸಭಾಗೃಹದಲ್ಲಿ ಒಂದೇ ರಾತ್ರಿ ಎಂಟುನೂರು ಮಂದಿ ನೋಡುವುದನ್ನು ಇಲ್ಲಿ ಹತ್ತು ರಾತ್ರಿ ಆಡಬೇಕು. ದಣಿವಾಗುತ್ತದೆ, ಖರೆ. ಆದರೆ ಸೊಲ್ಲಾಪುರಕ್ಕೆ ರಾತ್ರಿ ಬಸ್ಸು ಹಿಡಿದು ಹೋಗಿ ನಡುರಾತ್ರಿ ಮರಳಿ ಬರಲು ಈ ಓಣಿಯ ಎಷ್ಟು ಮಂದಿ ಹೆಣ್ಣುಮಕ್ಕಳನ್ನು ಮನೆಯವರು ಬಿಡುತ್ತಾರೆ? ರೊಟ್ಟಿ ಬಡಿದಿಟ್ಟು, ಕೂಸನ್ನು ಎತ್ತಿಕೊಂಡು, ಚಪ್ಪಲಿ ಸಹ ಹಾಕಿಕೊಳ್ಳದೆ ಇಲ್ಲಿಗೆ ಬರಬಹುದು. ಮೊದಲ ಎರಡು ರಾತ್ರಿ ಅವರಿಗೇ ಮೀಸಲಿಡ್ರಿ. ಒಂದು ರಾತ್ರಿ ಪಕ್ಕದ ಗಲ್ಲಿಯವರಿಗೆ, ಎಲ್ಲ ಜಾತಿಯವರಿಗೆ, ಚೀಟಿ ಕೊಟ್ಟು ಕರೀರಿ. ಬಂದರೆ ಈ ಜಮಖಾನೆಯ ಮೇಲೇ ಕೂಡಲಿ. ಆ ಪರಾತದ ಹತ್ತಿರ.

ಬಾಡಿಗೆಗೆ ಅಂತ ಕೂಡಿಸಿದ ರೊಕ್ಕದಲ್ಲಿ ಎರಡು ಎಲ್‌ಇಡಿ ಫ್ಲಡ್ ಲೈಟು, ನಾಲ್ಕು ಫ್ಯಾನು ತಗೋರಿ. ಏಪ್ರಿಲ್ ತಿಂಗಳ ಪತ್ರಾಸು ನಿಮಗ ಗೊತ್ತ ಐತಿ. ಫ್ಯಾನು ಹಾಡಿನ ನಡುವೆ ಸದ್ದು ಮಾಡದ ಹಾಗೆ ನೋಡ್ರಿ. ತಾಲೀಮು ಯಾವಾಗ ಅಂತ ಕೇಳಿದರು. ರವಿವಾರ ಸಂಜಿ ಆರಕ್ಕೆ. ನಿನ್ನೆ ಪ್ರಶ್ನೆ ಕೇಳಿದ ತಂಗಿ ಬರಲೇಬೇಕು. ಆಕೆಗೆ ಒಪ್ಪಿಗೆಯಾಗದಿದ್ದರೆ ಅಲ್ಲೇ ನಿಂತು ಮತ್ತೆ ಜಗಳ ತೆಗೀಲಿ. ಬರುವಾಗ ಮನೆಗೊಂದು ಚಾದರ ತರ್ರಿ.

ಜೈಭೀಮ್.